ರೆಸಿನ್ ಕೋಡಿ ಬೀಳದಿರಲಿ: ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಆಯುಧ, ಆರ್ಟಿಫ್ಯಾಕ್ಟ್ ಬೆಳೆಸುವ ಕ್ರಮ

ಪಾತ್ರದ ಲೆವೆಲ್ 80 ಮುಟ್ಟಿದೆ. ಬ್ಯಾಗಿನಲ್ಲಿ ಆರ್ಟಿಫ್ಯಾಕ್ಟ್‌ಗಳು ತುಂಬಿ ತುಳುಕುತ್ತಿವೆ. ಆದರೂ ಸ್ಪೈರಲ್ ಅಬಿಸ್‌ನ ಒಂಬತ್ತನೇ ಮಹಡಿಯಲ್ಲಿ ಎಷ್ಟು ಹೊಡೆದರೂ ಶತ್ರುವಿನ ಪ್ರಾಣದ ಪಟ್ಟಿ ಇಳಿಯುವುದಿಲ್ಲ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗ ಹುಡುಗಿಯರು ಗೆನ್‌ಶಿನ್ ವಿಷಯ ತೆಗೆದರೆ ಮಾತು ಬಂದು ನಿಲ್ಲುವುದು ಹೆಚ್ಚಾಗಿ ಒಂದೇ ಕಡೆ: ‘ನಂಗೆ ಲಕ್ ಇಲ್ಲ ಬಿಡು.’

ಲಕ್ಕಿನ ಪಾತ್ರ ಇಲ್ಲವೆಂದಲ್ಲ. ಆದರೆ ಹಾಗೆ ಹೇಳುವವರ ಖಾತೆ ತೆರೆದು ನೋಡಿ. ಆಯುಧ ಲೆವೆಲ್ 40ರಲ್ಲೇ ನಿಂತಿರುತ್ತದೆ. ಆಟದ ನಾಣ್ಯವಾದ ಮೋರಾ ಹತ್ತು ಪಾತ್ರಗಳಿಗೆ ಹರಿದು ಹಂಚಿಹೋಗಿರುತ್ತದೆ. ಬಂದ ಆರ್ಟಿಫ್ಯಾಕ್ಟ್‌ಗೆಲ್ಲ ನಾಲ್ಕು ನಾಲ್ಕು ಲೆವೆಲ್ ಹಾಕಿ ಬಿಟ್ಟಿರುತ್ತಾರೆ. ಇಲ್ಲಿ ಕೆಟ್ಟಿರುವುದು ಖರ್ಚಿನ ಕ್ರಮ. ಖಾತ್ರಿಯಾಗಿ ಫಲ ಕೊಡುವುದಕ್ಕೆ ಮೊದಲು ಹಾಕಿ, ಅದೃಷ್ಟದ ಮೇಲೆ ನಿಂತಿರುವುದನ್ನು ಕೊನೆಗೆ ಇಟ್ಟುಕೊಂಡರೆ, ದುಡ್ಡು ಹಾಕದೆ ಆಡುವವರೂ ಆ ಮಹಡಿ ದಾಟುತ್ತಾರೆ.

ನಮ್ಮ ಕಡೆ ಬಹಳ ಜನ ಈ ಆಟಕ್ಕೆ ಬರುವುದು ಬಿಜಿಎಂಐ ಆಡಿ. ಅಲ್ಲಿ ಪ್ರತಿ ಪಂದ್ಯಕ್ಕೂ ಬರಿಗೈಯಲ್ಲಿ ಇಳಿಯಬೇಕು, ಸಿಕ್ಕ ಬಂದೂಕು ಎತ್ತಿಕೊಳ್ಳಬೇಕು, ಪಂದ್ಯ ಮುಗಿದರೆ ಎಲ್ಲವೂ ಹೋಯಿತು. ತಪ್ಪು ಬಂದೂಕು ಎತ್ತಿಕೊಂಡರೂ ನಷ್ಟ ಅರ್ಧ ಗಂಟೆಯದು. ಆರ್‌ಪಿಜಿಯಲ್ಲಿ ಹಾಗಲ್ಲ, ಇವತ್ತು ಹಾಕಿದ್ದು ತಿಂಗಳುಗಟ್ಟಲೆ ಜೊತೆಯಲ್ಲಿರುತ್ತದೆ, ತಪ್ಪಾಗಿ ಹಾಕಿದ್ದೂ ಅಷ್ಟೇ. ಕತ್ತಿಗೆ ‘ಪ್ಲಸ್ ಒಂದು’ ಎಂದು ಬಲ ಸೇರಿಸುವ ಪದ್ಧತಿ 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದ ಕಾಲದ್ದು. ಅಲ್ಲಿ ದಾಳ ಉರುಳಿಸುತ್ತಿದ್ದರು. 2020ರ ಸೆಪ್ಟೆಂಬರ್ 28ರಂದು ಬಿಡುಗಡೆಯಾದ ಗೆನ್‌ಶಿನ್‌ನಲ್ಲಿ ಆ ದಾಳವನ್ನು ಸರ್ವರ್ ಉರುಳಿಸುತ್ತದೆ.

ಆಟದಲ್ಲಿ ಕನ್ನಡವಿಲ್ಲ, ಭಾರತದ ಬೇರೆ ಯಾವ ಭಾಷೆಯೂ ಇಲ್ಲ. ಹಾಗಾಗಿ ತೆರೆಯ ಮೇಲೆ ಕಾಣುವ ಹೆಸರುಗಳನ್ನೇ ಇಲ್ಲಿ ಬಳಸಿದ್ದೇನೆ.

ಪೆಟ್ಟಿನ ಲೆಕ್ಕ

ಶತ್ರುವಿಗೆ ಬೀಳುವ ಪೆಟ್ಟು ಹಲವು ಅಂಶಗಳ ಗುಣಾಕಾರ. ನಿಮ್ಮ ಅಟ್ಯಾಕ್, ಅದರ ಮೇಲೆ ಟ್ಯಾಲೆಂಟ್‌ನ ಪ್ರಮಾಣ, ಅದರ ಮೇಲೆ ಬೆಂಕಿ, ನೀರು, ಮಿಂಚಿನಂಥ ಎಲಿಮೆಂಟ್‌ನ ಬೋನಸ್, ಅದರ ಮೇಲೆ ಕ್ರಿಟ್. ಕೂಡುವುದಲ್ಲ, ಗುಣಿಸುವುದು. ಹೀಗಾಗಿ ಒಂದೇ ಕಡೆ ಪೇರಿಸಿದಷ್ಟೂ ಲಾಭ ಕಡಿಮೆಯಾಗುತ್ತ ಹೋಗುತ್ತದೆ.

ಪಾತ್ರ ಮತ್ತು ಆಯುಧ ಸೇರಿ ಮೂಲ ಅಟ್ಯಾಕ್ 800 ಎಂದಿಟ್ಟುಕೊಳ್ಳಿ. ಈಗಾಗಲೇ ಶೇ 100 ಅಟ್ಯಾಕ್ ಬೋನಸ್ ಇದ್ದರೆ ಒಟ್ಟು 1,600. ಗಾಬ್ಲೆಟ್ ಎಂಬ ಆರ್ಟಿಫ್ಯಾಕ್ಟ್‌ನಲ್ಲಿ ಇನ್ನೊಂದು ಶೇ 46.6 ಅಟ್ಯಾಕ್ ಹಾಕಿದಿರಿ. ಅದು ಮೂಲದ 800ರ ಮೇಲೆ ಮಾತ್ರ ಕೂಡುವುದರಿಂದ ಸಿಗುವುದು 373. ಅಂದರೆ ಪೆಟ್ಟು ಬೆಳೆದದ್ದು ಶೇ 23ರಷ್ಟು. ಅದೇ ಗಾಬ್ಲೆಟ್‌ನಲ್ಲಿ ಶೇ 46.6 ಎಲಿಮೆಂಟ್ ಬೋನಸ್ ಇದ್ದು, ಬೇರೆಲ್ಲೂ ಆ ಬೋನಸ್ ಇಲ್ಲದಿದ್ದರೆ ಪೆಟ್ಟು ಪೂರ್ತಿ ಶೇ 46.6 ಹೆಚ್ಚುತ್ತದೆ. ‘ಗಾಬ್ಲೆಟ್ ಎಲಿಮೆಂಟ್‌ದೇ ಇರಲಿ’ ಎಂದು ಹಳಬರು ಹೇಳುವುದು ಇದಕ್ಕೇ.

ಕ್ರಿಟ್ ಕೂಡ ಹಾಗೆಯೇ. ಕ್ರಿಟ್ ರೇಟ್ ಎಂದರೆ ಜೋರು ಪೆಟ್ಟು ಬೀಳುವ ಸಾಧ್ಯತೆ, ಕ್ರಿಟ್ ಡ್ಯಾಮೇಜ್ ಎಂದರೆ ಅದು ಬಿದ್ದಾಗಿನ ಹೆಚ್ಚಳ. ರೇಟ್ 50, ಡ್ಯಾಮೇಜ್ 100 ಇದ್ದರೆ ಸರಾಸರಿ ಪೆಟ್ಟು ಒಂದೂವರೆ ಪಟ್ಟು. ಅಷ್ಟೇ ಬಂಡವಾಳವನ್ನು ರೇಟ್ 30, ಡ್ಯಾಮೇಜ್ 140 ಎಂದು ಹಾಕಿದರೆ 1.42 ಪಟ್ಟು. ರೇಟ್ 70, ಡ್ಯಾಮೇಜ್ 60 ಎಂದಿಟ್ಟರೂ 1.42. ಆರ್ಟಿಫ್ಯಾಕ್ಟ್‌ನ ಮುಖ್ಯ ಸಾಲಿನ ಕೆಳಗೆ ಬರುವ ಸಣ್ಣ ಸಾಲುಗಳಲ್ಲಿ ಕ್ರಿಟ್ ಡ್ಯಾಮೇಜ್ ರೇಟ್‌ನ ಎರಡರಷ್ಟು ಪ್ರಮಾಣದಲ್ಲಿ ಬರುವುದರಿಂದ ‘ಒಂದಕ್ಕೆ ಎರಡು’ ಎಂಬ ಸೂತ್ರ ಹುಟ್ಟಿಕೊಂಡಿದೆ. ತೆರೆಯ ಮೇಲೆ ಒಮ್ಮೆ ಬಂದ ದೊಡ್ಡ ಅಂಕಿ ನೋಡಿ ಹಿಗ್ಗುವವರು ಇದನ್ನು ಮರೆಯುತ್ತಾರೆ. ಆ ಅಂಕಿಯ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಚೆನ್ನಾಗಿರುತ್ತದೆ ನಿಜ.

ರೆಸಿನ್: ನಿಜವಾದ ಬಂಡವಾಳ ಇದು

ಈ ಆಟದಲ್ಲಿ ಬಹುಮಾನ ಬಿಡಿಸಿಕೊಳ್ಳಲು ರೆಸಿನ್ ಬೇಕು. 8 ನಿಮಿಷಕ್ಕೆ 1ರಂತೆ ತಾನಾಗಿ ತುಂಬುತ್ತದೆ, ದಿನಕ್ಕೆ 180. ಮಿತಿ 200, 2024ರ ಜೂನ್‌ನಲ್ಲಿ ಬಂದ 4.7 ಆವೃತ್ತಿಗೆ ಮೊದಲು 160 ಇತ್ತು. ಮಿತಿ ಮುಟ್ಟಿದ ಮೇಲೆ ತುಂಬುವುದು ನಿಂತುಹೋಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 130 ಅಡಿ ಮುಟ್ಟಿದ ಹಾಗೆ: 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ಊರೂರಿನ ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ರೆಸಿನ್ ಕೋಡಿ ಬಿದ್ದರೆ ಮಾತ್ರ ಸಂಭ್ರಮಪಡುವಂಥದ್ದೇನಿಲ್ಲ, ಅಷ್ಟೂ ನಷ್ಟ.

ಸೊನ್ನೆಯಿಂದ 200 ತುಂಬಲು 26 ಗಂಟೆ 40 ನಿಮಿಷ ಬೇಕು. ಅಂದರೆ ದಿನಕ್ಕೆ ಒಮ್ಮೆ, ಹತ್ತು ಹದಿನೈದು ನಿಮಿಷ ಕೂತು ಖಾಲಿ ಮಾಡಿದರೆ ಹನಿಯೂ ಪೋಲಾಗುವುದಿಲ್ಲ. ಹೊಸದುರ್ಗದಿಂದ ದುರ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಓದುವವರು ಗಂಟೆಗೊಮ್ಮೆ ಫೋನ್ ತೆಗೆಯುವ ಅಗತ್ಯವೇ ಇಲ್ಲ.

ಭಾರತದಿಂದ ಆಡುವವರಿಗೆ ಏಷ್ಯಾ ಸರ್ವರ್ ಅನುಕೂಲ. ಅದರ ಹೊಸ ದಿನ ಶುರುವಾಗುವುದು ನಮ್ಮ ರಾತ್ರಿ 1:30ಕ್ಕೆ. ಹೊಳಲ್ಕೆರೆಯ ತೋಟದ ಮನೆಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಎದ್ದವರಿಗೆ ಇದು ಸರಿಯಾದ ಹೊತ್ತು. ಉಳಿದವರು ಇದಕ್ಕಾಗಿ ನಿದ್ದೆಗೆಡಬೇಡಿ. ತಿಳಿದಿರಬೇಕಾದ್ದು ಇಷ್ಟೇ: ಭಾನುವಾರ ರಾತ್ರಿ ಹನ್ನೆರಡು ದಾಟಿದರೂ 1:30ರವರೆಗೆ ಆಟದಲ್ಲಿ ಇನ್ನೂ ಭಾನುವಾರವೇ. ಇದು ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಯಾವುದರ ನಂತರ ಯಾವುದು

1. ಒಂದೇ ತಂಡ ಹಿಡಿಯಿರಿ. ನಾಲ್ಕು ಪಾತ್ರ, ಅದರಲ್ಲಿ ಪೆಟ್ಟು ಹಾಕುವವರು ಒಬ್ಬರು ಅಥವಾ ಇಬ್ಬರು. ಐದನೆಯವರಿಗೆ ಮೋರಾ ಖರ್ಚು ಮಾಡುವುದು ಈ ನಾಲ್ವರು ನಿಂತ ಮೇಲೆ. ಹೊಸ ಪಾತ್ರ ಬಂದ ಖುಷಿಗೆ ಅವತ್ತೇ ಲೆವೆಲ್ 60ಕ್ಕೆ ಒಯ್ಯುವ ಚಪಲಕ್ಕೆ ಹೆಚ್ಚಿನವರ ಖಾತೆ ಬರಿದಾಗುತ್ತದೆ.

2. ಪೆಟ್ಟು ಹಾಕುವವರ ಆಯುಧದ ಲೆವೆಲ್ ಏರಿಸಿ. ಕಾಸಿಗೆ ತಕ್ಕ ಫಲ ಇದರಷ್ಟು ಬೇರೆ ಯಾವುದೂ ಕೊಡುವುದಿಲ್ಲ. ಶಾಂಗ್ಲಿಂಗ್ ಎಂಬ ಪಾತ್ರವನ್ನು ನೋಡಿ. ಸ್ಪೈರಲ್ ಅಬಿಸ್‌ನ ಮೂರನೇ ಮಹಡಿ ಮುಗಿಸಿದವರಿಗೆಲ್ಲ ಪುಕ್ಕಟೆ ಸಿಗುತ್ತಾಳೆ. ಲೆವೆಲ್ 90ರಲ್ಲಿ ಅವಳ ಸ್ವಂತ ಅಟ್ಯಾಕ್ 225. ‘ದಿ ಕ್ಯಾಚ್’ ಎಂಬ ಈಟಿಗೆ ಲೆವೆಲ್ 1ರಲ್ಲಿ ಅಟ್ಯಾಕ್ 42, ಲೆವೆಲ್ 90ರಲ್ಲಿ 510. ಅಂದರೆ ಅದೇ ಪಾತ್ರ, ಅದೇ ಈಟಿ, ಮೂಲ ಅಟ್ಯಾಕ್ ಮಾತ್ರ 267ರಿಂದ 735ಕ್ಕೆ. ಆರ್ಟಿಫ್ಯಾಕ್ಟ್‌ನ ಶೇಕಡಾವಾರು ಬೋನಸ್‌ಗಳೆಲ್ಲ ಈ ಮೂಲದ ಮೇಲೆಯೇ ಲೆಕ್ಕವಾಗುವುದು. ಅಡಿಪಾಯ 267 ಇಟ್ಟುಕೊಂಡು ಒಳ್ಳೆಯ ಆರ್ಟಿಫ್ಯಾಕ್ಟ್ ಬರಲಿಲ್ಲವೆಂದು ಕೊರಗಿದರೆ ಯಾರೇನು ಮಾಡಲಾದೀತು? ಆಯುಧದಲ್ಲಿ ದಾಳದ ಮಾತೇ ಇಲ್ಲ. ಅದಿರು ಹಾಕಿದಷ್ಟು ಲೆವೆಲ್ ಏರುತ್ತದೆ.

3. ಅದಿರು ಪುಕ್ಕಟೆ ಬರುವ ದಾರಿ ತೆರೆದಿಡಿ. ಕೆಲಸವಿಲ್ಲದೆ ಕೂತ ಪಾತ್ರಗಳನ್ನು 20 ಗಂಟೆಯ ಎಕ್ಸ್‌ಪೆಡಿಷನ್‌ಗೆ ಕಳಿಸಿ, ಬಂದ ಕ್ರಿಸ್ಟಲ್ ಅದಿರನ್ನು ಕಮ್ಮಾರನ ಹತ್ತಿರ ಕೊಟ್ಟು ಮಿಸ್ಟಿಕ್ ಎನ್‌ಹಾನ್ಸ್‌ಮೆಂಟ್ ಓರ್ ಮಾಡಿಸಿ. ಮೊಂಡ್‌ಸ್ಟಾಟ್‌ನಲ್ಲಿ ವಾಗ್ನರ್ ಎಂಬ ಕಮ್ಮಾರ ಇದ್ದಾನೆ. ಇದಕ್ಕೆ ರೆಸಿನ್ ಬೇಕಿಲ್ಲ.

4. ವಾರದ ದಿನ ನೋಡಿಕೊಳ್ಳಿ. ಆಯುಧ 20, 40, 50, 60, 70, 80 ಮುಟ್ಟಿದಾಗಲೆಲ್ಲ ಅಸೆಂಡ್ ಮಾಡಬೇಕು. ಅದಕ್ಕೆ ಬೇಕಾದ ಸಾಮಗ್ರಿ ಡೊಮೇನ್‌ಗಳಲ್ಲಿ ಸರದಿಯ ಮೇಲೆ ಸಿಗುತ್ತದೆ. ಒಂದು ಬಗೆಯದು ಸೋಮವಾರ–ಗುರುವಾರ, ಇನ್ನೊಂದು ಮಂಗಳವಾರ–ಶುಕ್ರವಾರ, ಮತ್ತೊಂದು ಬುಧವಾರ–ಶನಿವಾರ. ಭಾನುವಾರ ಎಲ್ಲವೂ ತೆರೆದಿರುತ್ತವೆ. ಟ್ಯಾಲೆಂಟ್ ಪುಸ್ತಕಗಳಿಗೂ ಇದೇ ಸರದಿ. ಆಯುಧದ ಪುಟದಲ್ಲಿ ಸಾಮಗ್ರಿಯ ಚಿತ್ರ ಒತ್ತಿದರೆ ಯಾವ ವಾರ, ಯಾವ ಡೊಮೇನ್ ಎಂದು ಆಟವೇ ಹೇಳುತ್ತದೆ. ಭಾನುವಾರಕ್ಕೇ ಎಲ್ಲ ಮುಂದೂಡಬೇಡಿ. ಅವತ್ತಿನ ರೆಸಿನ್ ಕೂಡ ಅಷ್ಟೇ.

5. ಟ್ಯಾಲೆಂಟ್‌ಗಳನ್ನು ಆರಿಸಿ ಏರಿಸಿ. ಪಾತ್ರ ನಿಜವಾಗಿ ಬಳಸುವುದು ಯಾವುದೋ ಅದು ಮಾತ್ರ. ಶಾಂಗ್ಲಿಂಗ್‌ಗೆ ಬರ್ಸ್ಟ್ (ಎನರ್ಜಿ ತುಂಬಿದಾಗ ಹಾಕುವ ದೊಡ್ಡ ಹೊಡೆತ) ಮುಖ್ಯ. ಅವಳ ಸಾಮಾನ್ಯ ಹೊಡೆತದ ಟ್ಯಾಲೆಂಟ್ 1ರಲ್ಲೇ ಇದ್ದರೂ ನಷ್ಟವಿಲ್ಲ.

6. ಇಷ್ಟಾದ ಮೇಲೆ ಆರ್ಟಿಫ್ಯಾಕ್ಟ್ ಡೊಮೇನ್. ಅದೂ ಅಡ್ವೆಂಚರ್ ರ‍್ಯಾಂಕ್ 45 ಆದ ಮೇಲೆ. ಅಲ್ಲಿಂದಾಚೆ ಮೇಲಿನ ಹಂತದ ಡೊಮೇನ್‌ನಲ್ಲಿ ಪ್ರತಿ ಸಲ ಒಂದಾದರೂ ಐದು ನಕ್ಷತ್ರದ ಆರ್ಟಿಫ್ಯಾಕ್ಟ್ ಖಾತ್ರಿ. ಅದಕ್ಕೂ ಮೊದಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರೆಸಿನ್ ಮರಳಿ ತುಂಬಿಸುವ ಫ್ರಾಜೈಲ್ ರೆಸಿನ್ ಅನ್ನೂ ಅಲ್ಲಿಯವರೆಗೆ ಬಳಸಬೇಡಿ.

ರ‍್ಯಾಂಕ್ 45ಕ್ಕೆ ಮುಂಚೆ ಏನು ಹಾಕಿಕೊಳ್ಳುವುದು? ನಾಲ್ಕು ನಕ್ಷತ್ರದ್ದೇ ಸಾಕು. ಮುಖ್ಯ ಸಾಲು ಸರಿಯಿರುವ ನಾಲ್ಕು ನಕ್ಷತ್ರದ ಸ್ಯಾಂಡ್ಸ್ ಪ್ಲಸ್ 16ರಲ್ಲಿ ಶೇ 34.8 ಅಟ್ಯಾಕ್ ಕೊಡುತ್ತದೆ. ಐದು ನಕ್ಷತ್ರದ್ದು ಪೂರ್ತಿ ಏರಿಸಿದರೆ ಶೇ 46.6. ವ್ಯತ್ಯಾಸ ಇದೆ, ಆದರೆ ಅದಕ್ಕಾಗಿ ತಿಂಗಳುಗಳ ರೆಸಿನ್ ಸುರಿಯುವಷ್ಟಲ್ಲ. ‘ಇನ್‌ಸ್ಟ್ರಕ್ಟರ್’ ಎಂಬ ನಾಲ್ಕು ನಕ್ಷತ್ರದ ಸೆಟ್ ಅನ್ನಂತೂ ಹಳೆಯ ಆಟಗಾರರೂ ಬಿಸಾಡುವುದಿಲ್ಲ. ನಾಲ್ಕು ತುಂಡು ತೊಟ್ಟು ಎಲಿಮೆಂಟ್ ರಿಯಾಕ್ಷನ್ ಮಾಡಿದರೆ ಇಡೀ ತಂಡಕ್ಕೆ 120 ಎಲಿಮೆಂಟಲ್ ಮಾಸ್ಟರಿ ಸಿಗುತ್ತದೆ.

ಒಳ್ಳೆಯ ಆಯುಧ ದುಡ್ಡಿಲ್ಲದೆ

ಅದೃಷ್ಟ ಪರೀಕ್ಷಿಸುವ ‘ವಿಷ್’ ಒತ್ತದೆಯೂ ನಾಲ್ಕು ನಕ್ಷತ್ರದ ಆಯುಧಗಳು ಸಿಗುತ್ತವೆ. ‘ಪ್ರೊಟೊಟೈಪ್’ ಎಂದು ಹೆಸರು ಶುರುವಾಗುವ ಆಯುಧಗಳನ್ನು ಕಮ್ಮಾರನ ಹತ್ತಿರ ಮಾಡಿಸಬಹುದು. ಇನಾಜುಮಾಕ್ಕೆ ಹೋದರೆ ಅಮೆನೊಮಾ ಕಾಗೆಉಚಿ, ಸುಮೇರುವಿನಲ್ಲಿ ಸ್ಯಾಪ್‌ವುಡ್ ಬ್ಲೇಡ್, ಮೂನ್‌ಪಿಯರ್ಸರ್. ಆಯಾ ಆಯುಧದ ನಕ್ಷೆ ಸಿಕ್ಕರೆ ಇವೂ ಕಮ್ಮಾರನ ಕುಲುಮೆಯವೇ. ಕಮ್ಮಾರನ ಆಯುಧಕ್ಕೆ ಬಿಲೆಟ್ ಬೇಕು, ಅದು ಅಪರೂಪ. ಹಾಗಾಗಿ ಯಾರಿಗೆ ಎಂದು ತೀರ್ಮಾನಿಸದೆ ಮಾಡಿಸಬೇಡಿ.

ಎಲ್ಲಕ್ಕಿಂತ ಲಾಭದ್ದು ಮೇಲೆ ಹೇಳಿದ ದಿ ಕ್ಯಾಚ್. ಇನಾಜುಮಾದ ಮೀನುಗಾರಿಕೆ ಸಂಘಕ್ಕೆ ಗೋಲ್ಡನ್ ಕೋಯ್ 20, ರಸ್ಟಿ ಕೋಯ್ 20, ರೈಮೈ ಏಂಜೆಲ್‌ಫಿಶ್ 6 ಕೊಟ್ಟರೆ ಈಟಿ ನಿಮ್ಮದು. ಏಂಜೆಲ್‌ಫಿಶ್ ಆಟದೊಳಗಿನ ರಾತ್ರಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ, ಆಟದ ಗಡಿಯಾರ ತಿರುಗಿಸಿಕೊಂಡು ಹೋಗಿ. ಇನ್ನಷ್ಟು ಮೀನು ಹಿಡಿದು ಕೊಟ್ಟರೆ ರಿಫೈನ್‌ಮೆಂಟ್ 5ರವರೆಗೂ ಏರಿಸಿಕೊಳ್ಳಬಹುದು. ಆಗ ಬರ್ಸ್ಟ್‌ನ ಪೆಟ್ಟಿಗೆ ಶೇ 32, ಬರ್ಸ್ಟ್‌ನ ಕ್ರಿಟ್ ರೇಟ್‌ಗೆ ಶೇ 12 ಸೇರುತ್ತದೆ. ದುಡ್ಡು ಕೊಟ್ಟು ತಂದ ಈಟಿಗಳ ಪಕ್ಕದಲ್ಲಿ ಧೈರ್ಯವಾಗಿ ನಿಲ್ಲುತ್ತದೆ. ಮೀನು ಹಿಡಿಯುವ ಕೆಲಸ ಬೇಸರ ತರಿಸುತ್ತದೆ ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಮೂರು ನಕ್ಷತ್ರದ್ದೆಂದು ಕರಗಿಸಿಬಿಡುವ ಆಯುಧಗಳಲ್ಲೂ ರತ್ನಗಳಿವೆ. ‘ಥ್ರಿಲ್ಲಿಂಗ್ ಟೇಲ್ಸ್ ಆಫ್ ಡ್ರ್ಯಾಗನ್ ಸ್ಲೇಯರ್ಸ್’ ಪುಸ್ತಕ ಹಿಡಿದ ಪಾತ್ರವನ್ನು ಬದಲಿಸಿದರೆ ಬಂದವರಿಗೆ 10 ಸೆಕೆಂಡು ಅಟ್ಯಾಕ್ ಹೆಚ್ಚುತ್ತದೆ. ರಿಫೈನ್‌ಮೆಂಟ್ 5ರಲ್ಲಿ ಶೇ 48. ‘ಹಾರ್ಬಿಂಜರ್ ಆಫ್ ಡಾನ್’ ಕತ್ತಿ, ಪ್ರಾಣ ಶೇ 90ರ ಮೇಲಿರುವಷ್ಟು ಹೊತ್ತು, ರಿಫೈನ್‌ಮೆಂಟ್ 5ರಲ್ಲಿ ಶೇ 28 ಕ್ರಿಟ್ ರೇಟ್ ಕೊಡುತ್ತದೆ. ಇವೆರಡನ್ನೂ ಲಾಕ್ ಮಾಡಿಡಿ.

ಆರ್ಟಿಫ್ಯಾಕ್ಟ್: ದಾಳದ ಜೊತೆ ಲೆಕ್ಕ

ಐದು ಜಾಗ: ಫ್ಲವರ್, ಪ್ಲೂಮ್, ಸ್ಯಾಂಡ್ಸ್, ಗಾಬ್ಲೆಟ್, ಸರ್ಕ್ಲೆಟ್. ಫ್ಲವರ್‌ನ ಮುಖ್ಯ ಸಾಲು ಯಾವಾಗಲೂ ಪ್ರಾಣ, ಪ್ಲೂಮ್‌ನದು ಯಾವಾಗಲೂ ಅಟ್ಯಾಕ್. ಉಳಿದ ಮೂರಕ್ಕೆ ದಾಳ. ಒಂದು ಡೊಮೇನ್‌ನಲ್ಲಿ ಎರಡು ಸೆಟ್ ಸಿಗುತ್ತವೆ. ಯಾವುದು ಬರುತ್ತದೆ ಎಂಬುದಕ್ಕೂ ದಾಳ.

ಆಟಗಾರರು ರಾಶಿ ರಾಶಿ ಫಲಿತಾಂಶ ಕೂಡಿಹಾಕಿ ಕಂಡುಕೊಂಡಿರುವ ಪ್ರಕಾರ, ಗಾಬ್ಲೆಟ್‌ನಲ್ಲಿ ನಿಮಗೆ ಬೇಕಾದ ಎಲಿಮೆಂಟ್ ಬರುವ ಸಾಧ್ಯತೆ ಶೇ 5ರ ಆಸುಪಾಸು. ಈಗ ಲೆಕ್ಕ ಹಾಕಿ. ಬೇಕಾದ ಸೆಟ್ ಬರುವುದು ಎರಡರಲ್ಲಿ ಒಂದು. ಗಾಬ್ಲೆಟ್ ಆಗಿರುವುದು ಐದರಲ್ಲಿ ಒಂದು. ಎಲಿಮೆಂಟ್ ಇಪ್ಪತ್ತರಲ್ಲಿ ಒಂದು. ಗುಣಿಸಿದರೆ ಇನ್ನೂರಕ್ಕೆ ಒಂದು. ಡೊಮೇನ್‌ಗೆ 20 ರೆಸಿನ್, ದಿನಕ್ಕೆ 9 ಸಲ. ಸರಾಸರಿ ಮೂರು ವಾರ ಬೇರೇನೂ ಮಾಡದೆ ಕೂತರೆ ಒಂದು ಗಾಬ್ಲೆಟ್. ಅದರ ಸಣ್ಣ ಸಾಲುಗಳು ಹೇಗಿರುತ್ತವೋ ಅದು ಬೇರೆ ಕತೆ.

ಇದರಿಂದ ಪಾರಾಗುವ ದಾರಿ ಆಟದಲ್ಲೇ ಇದೆ. ಸೆಟ್‌ನ ಪೂರ್ತಿ ಫಲಕ್ಕೆ ನಾಲ್ಕು ತುಂಡು ಸಾಕು, ಜಾಗ ಐದು. ಉಳಿದ ಒಂದು ಜಾಗವನ್ನು ಗಾಬ್ಲೆಟ್‌ಗೆ ಬಿಟ್ಟುಕೊಡಿ. ಅದು ಯಾವ ಸೆಟ್‌ನದಾದರೂ ಆಗಲಿ. ಇಷ್ಟರಿಂದಲೇ ಇನ್ನೂರಕ್ಕೆ ಒಂದು ಇದ್ದದ್ದು ನೂರಕ್ಕೆ ಒಂದಾಗುತ್ತದೆ, ಜೊತೆಗೆ ಹಿಂದೆ ಬೇರೆ ಡೊಮೇನ್‌ಗಳಲ್ಲಿ ಬಂದು ಮೂಲೆ ಸೇರಿದ್ದ ಗಾಬ್ಲೆಟ್‌ಗಳಿಗೂ ಬೆಲೆ ಬರುತ್ತದೆ.

ಡೊಮೇನ್ ಆರಿಸುವಾಗ ಅದರ ಎರಡೂ ಸೆಟ್ ನಿಮ್ಮ ತಂಡಕ್ಕೆ ಬೇಕಾದವೇ ಎಂದು ನೋಡಿ. ಇನಾಜುಮಾದ ಮೊಮಿಜಿ-ಡೈಡ್ ಕೋರ್ಟ್ ಇದಕ್ಕೇ ಹೆಸರುವಾಸಿ: ಎಂಬ್ಲೆಮ್ ಆಫ್ ಸೆವರ್ಡ್ ಫೇಟ್ ಮತ್ತು ಶಿಮೆನಾವಾಸ್ ರೆಮಿನಿಸೆನ್ಸ್, ಎರಡೂ ಕೆಲಸಕ್ಕೆ ಬರುತ್ತವೆ. ಎಂಬ್ಲೆಮ್‌ನ ನಾಲ್ಕು ತುಂಡು ತೊಟ್ಟರೆ ಎನರ್ಜಿ ರೀಚಾರ್ಜ್‌ನ ಕಾಲು ಭಾಗ ಬರ್ಸ್ಟ್ ಪೆಟ್ಟಿಗೆ ಸೇರುತ್ತದೆ, ಶೇ 75ರ ಮಿತಿಯೊಳಗೆ. ಶಾಂಗ್ಲಿಂಗ್, ಶಿಂಗ್‌ಚ್ಯೂ, ರೈಡನ್, ಹೀಗೆ ಇದನ್ನು ತೊಡುವವರ ಸಾಲು ಉದ್ದ. ಒಬ್ಬರಿಗೆ ಆಗದ ತುಂಡು ಇನ್ನೊಬ್ಬರಿಗೆ ಆದೀತು.

ಲೆವೆಲ್ ಏರಿಸುವ ಖರ್ಚು ಎಲ್ಲ ಕಡೆ ಒಂದೇ ಸಮ ಇಲ್ಲ, ಬಹಳ ಜನ ಎಡವುವುದು ಇಲ್ಲೇ. ಐದು ನಕ್ಷತ್ರದ ಆರ್ಟಿಫ್ಯಾಕ್ಟ್‌ಗೆ ಸೊನ್ನೆಯಿಂದ ಲೆಕ್ಕ ಹಿಡಿದರೆ:

ಪ್ಲಸ್ 4ಕ್ಕೆ 16,300 ಅನುಭವ
ಪ್ಲಸ್ 8ಕ್ಕೆ 44,725
ಪ್ಲಸ್ 12ಕ್ಕೆ 87,150
ಪ್ಲಸ್ 16ಕ್ಕೆ 1,53,300
ಪ್ಲಸ್ 20ಕ್ಕೆ 2,70,475

ಒಂದು ಅನುಭವಕ್ಕೆ ಒಂದು ಮೋರಾ. ಐದು ತುಂಡನ್ನೂ ಪ್ಲಸ್ 20ಕ್ಕೆ ಒಯ್ದರೆ ಒಬ್ಬ ಪಾತ್ರಕ್ಕೇ ಹದಿಮೂರೂವರೆ ಲಕ್ಷ ಮೋರಾ. ಅಂಕಿಗಳನ್ನು ಇನ್ನೊಮ್ಮೆ ನೋಡಿ: ಕೊನೆಯ ನಾಲ್ಕು ಮೆಟ್ಟಿಲಿಗೇ 1,17,175. ಅದೇ ಪ್ಲಸ್ 16ರಲ್ಲಿ ನಿಂತರೆ ಶೇ 46.6ರ ಬದಲು ಶೇ 38.7 ಸಿಗುತ್ತದೆ. ಅಂದರೆ ಶೇ 57ರಷ್ಟು ಖರ್ಚಿಗೆ ಮುಖ್ಯ ಸಾಲಿನ ಶೇ 83ರಷ್ಟು ಫಲ. ಪೆಟ್ಟು ಹಾಕುವವರಿಗೆ 20ರವರೆಗೆ ಹೋಗಿ; ಸಹಾಯಕ್ಕೆ ನಿಂತವರಿಗೆ 16 ಧಾರಾಳ. ಗುಣಪಡಿಸುವ, ಗುರಾಣಿ ಹಿಡಿಯುವ ಪಾತ್ರಗಳಿಗೆ 20 ಹಾಕುವುದನ್ನು ಅನುಕೂಲವಿದ್ದಾಗ ನೋಡಿಕೊಂಡರಾಯಿತು.

ಈಗ ಒಂದು ತುಂಡು ಕೈಗೆತ್ತಿಕೊಳ್ಳೋಣ. ಎಂಬ್ಲೆಮ್ ಸೆಟ್‌ನ ಸ್ಯಾಂಡ್ಸ್, ಮುಖ್ಯ ಸಾಲು ಎನರ್ಜಿ ರೀಚಾರ್ಜ್. ಕೆಳಗೆ ಕ್ರಿಟ್ ರೇಟ್ 3.5, ಅಟ್ಯಾಕ್ ಶೇಕಡಾ 4.7, ಬಿಡಿ ಡಿಫೆನ್ಸ್ 19. ಮೂರೇ ಸಾಲು. ಮುಖ್ಯ ಸಾಲು ಸರಿ ಇದೆ, ಉಪಯೋಗದ ಸಾಲು ಎರಡಿವೆ, ಹಾಗಾಗಿ ಪ್ಲಸ್ 4ಕ್ಕೆ ಯೋಗ್ಯ. ಮೂರೇ ಸಾಲಿದ್ದರೆ ಪ್ಲಸ್ 4ರಲ್ಲಿ ನಾಲ್ಕನೆಯದು ಹುಟ್ಟುತ್ತದೆ. ಕ್ರಿಟ್ ಡ್ಯಾಮೇಜ್ ಬಂತೆನ್ನಿ, ಸಂತೋಷ, ಪ್ಲಸ್ 8ಕ್ಕೆ ಹೋಗಿ. ಅಲ್ಲಿಂದ ಪ್ರತಿ ನಾಲ್ಕು ಲೆವೆಲ್‌ಗೊಮ್ಮೆ ಇರುವ ನಾಲ್ಕರಲ್ಲಿ ಒಂದು ಸಾಲು ಬೆಳೆಯುತ್ತದೆ. ಪ್ಲಸ್ 8ರಲ್ಲೂ ಡಿಫೆನ್ಸ್, 12ರಲ್ಲೂ ಡಿಫೆನ್ಸ್ ಎಂದರೆ ಕೈ ಬಿಡಿ. ‘ಇಷ್ಟು ಹಾಕಿದ್ದೇನಲ್ಲ, ಇನ್ನೊಂದು ಸಲ ನೋಡೋಣ’ ಎನ್ನುವ ಮನಸ್ಸಿಗೆ ಲಗಾಮು ಹಾಕಬೇಕಾದ ಜಾಗ ಇದು. ಹಾಕಿದ್ದು ಪೂರ್ತಿ ಮುಳುಗುವುದೂ ಇಲ್ಲ. ಆ ತುಂಡನ್ನು ಇನ್ನೊಂದಕ್ಕೆ ಉಣಿಸಿದರೆ ಹಾಕಿದ ಅನುಭವದಲ್ಲಿ ಶೇ 80 ಮರಳುತ್ತದೆ, ಹೋಗುವುದು ಮೋರಾ.

ಮುಖ್ಯ ಸಾಲೇ ತಪ್ಪಿದ್ದರೆ ಸಣ್ಣ ಸಾಲು ಎಷ್ಟು ಚೆನ್ನಾಗಿದ್ದರೂ ಏರಿಸಬೇಡಿ. ಅಂಥ ಐದು ನಕ್ಷತ್ರದವನ್ನು ಉಣಿಸುವ ಬದಲು ಕ್ರಾಫ್ಟಿಂಗ್ ಬೆಂಚಿನಲ್ಲಿರುವ ಸ್ಟ್ರಾಂಗ್‌ಬಾಕ್ಸ್‌ಗೆ ಹಾಕಿ. ಮೂರು ಹಾಕಿದರೆ ನೀವು ಆರಿಸಿದ ಸೆಟ್‌ನ ಒಂದು ತುಂಡು ಬರುತ್ತದೆ. ಪೆಟ್ಟಿಗೆಯ ಪಟ್ಟಿಯಲ್ಲಿ ನಿಮ್ಮ ಸೆಟ್ ಇದ್ದರೆ, ಡೊಮೇನ್‌ನಲ್ಲಿದ್ದ ‘ಎರಡರಲ್ಲಿ ಒಂದು’ ಎಂಬ ದಾಳ ಇಲ್ಲಿ ತಪ್ಪುತ್ತದೆ. ಉಣಿಸಲು ಒಂದು, ಎರಡು, ಮೂರು ನಕ್ಷತ್ರದ ತುಂಡುಗಳು ಸಾಕು. ಊರೂರು ಸುತ್ತಿ ನೆಲದಿಂದ ಹೆಕ್ಕಿದರೆ ರೆಸಿನ್ ಇಲ್ಲದೆ ಸಿಗುತ್ತವೆ.

2024ರ ಆಗಸ್ಟ್‌ನಲ್ಲಿ ಬಂದ 5.0 ಆವೃತ್ತಿಯಿಂದ ಸ್ಯಾಂಕ್ಟಿಫೈಯಿಂಗ್ ಎಲಿಕ್ಸರ್ ಎಂಬ ಅಪರೂಪದ ವಸ್ತುವೂ ಇದೆ. ಇದರಿಂದ ಸೆಟ್, ಜಾಗ, ಮುಖ್ಯ ಸಾಲು, ಎರಡು ಸಣ್ಣ ಸಾಲು ಎಲ್ಲವನ್ನೂ ನೀವೇ ಆರಿಸಿ ಒಂದು ತುಂಡು ಮಾಡಿಸಬಹುದು. ಅಗ್ಗ ಎಂದು ಫ್ಲವರ್, ಪ್ಲೂಮ್‌ಗೆ ಸುರಿಯಬೇಡಿ. ಅವು ಹೇಗೂ ಡೊಮೇನ್‌ನಲ್ಲಿ ಸಿಗುತ್ತವೆ. ಕೂಡಿಟ್ಟು ಗಾಬ್ಲೆಟ್‌ಗೋ ಸರ್ಕ್ಲೆಟ್‌ಗೋ ಬಳಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೆಟ್‌ನ ಹಟ. ನಾಲ್ಕು ತುಂಡು ಕೂಡಿಸುವ ಆತುರದಲ್ಲಿ ತಪ್ಪು ಮುಖ್ಯ ಸಾಲಿನ ಸರ್ಕ್ಲೆಟ್ ತೊಡುವುದು. ಎರಡು ತುಂಡು ಒಂದು ಸೆಟ್, ಎರಡು ಇನ್ನೊಂದು ಸೆಟ್, ಎಲ್ಲದರ ಮುಖ್ಯ ಸಾಲು ಸರಿ: ಬಹಳ ಕಾಲ ಇದೇ ಮೇಲು.

ಎನರ್ಜಿ ರೀಚಾರ್ಜ್ ಬಗ್ಗೆ ಅಸಡ್ಡೆ. ಬರ್ಸ್ಟ್ ತುಂಬದಿದ್ದರೆ ಉಳಿದ ಅಂಕಿಗಳೆಲ್ಲ ನೀರಿನಲ್ಲಿ ಹೋಮ.

ಎಲ್ಲರನ್ನೂ ಲೆವೆಲ್ 90ಕ್ಕೆ ಒಯ್ಯುವುದು. ಹೆಚ್ಚಿನವರಿಗೆ 80 ಸಾಕು. ಬ್ಲೂಮ್, ಸ್ವರ್ಲ್ ತರಹದ ರಿಯಾಕ್ಷನ್ ಮೇಲೆ ನಿಂತ ಪಾತ್ರಕ್ಕೆ ಮಾತ್ರ 90 ಬೇಕು. ಆ ಪೆಟ್ಟು ಪಾತ್ರದ ಲೆವೆಲ್ ಮತ್ತು ಎಲಿಮೆಂಟಲ್ ಮಾಸ್ಟರಿ ಮೇಲೆ ಲೆಕ್ಕವಾಗುತ್ತದೆ, ಸಾಧಾರಣವಾಗಿ ಅಟ್ಯಾಕ್ ಮೇಲಲ್ಲ.

ವಾರದ ದೊಡ್ಡ ಬಾಸ್‌ಗಳನ್ನು ಮರೆಯುವುದು. ವಾರದ ಮೊದಲ ಮೂರಕ್ಕೆ 30 ರೆಸಿನ್, ನಂತರದವಕ್ಕೆ 60. ಮೊದಲ ಮೂರು ತಪ್ಪಿಸಬೇಡಿ. ಹೊಸ ವಾರ ಸೋಮವಾರ ನಸುಕಿನ 1:30ಕ್ಕೆ.

ಲಾಕ್ ಮಾಡದೆ ‘ಕ್ವಿಕ್ ಸೆಲೆಕ್ಟ್’ ಒತ್ತುವುದು. ಒಳ್ಳೆಯ ತುಂಡು ಉಣಿಸಿಹೋದರೆ ವಾಪಸ್ ಬರುವುದಿಲ್ಲ.

ದುಡ್ಡಿನ ಎಚ್ಚರಿಕೆ

ಆಯುಧದ ಬ್ಯಾನರ್ ನೋಡಿ ಆಸೆಪಡುವ ಮುಂಚೆ ಈ ಲೆಕ್ಕ ಓದಿ. ಒಂದು ವಿಷ್‌ಗೆ 160 ಪ್ರಿಮೊಜೆಮ್. 80ನೇ ವಿಷ್ ಒಳಗೆ ಐದು ನಕ್ಷತ್ರದ ಆಯುಧ ಖಾತ್ರಿ, ಆದರೆ ಅದು ನೀವು ಬಯಸಿದ್ದೇ ಆಗಿರಬೇಕಿಲ್ಲ. 5.0 ಆವೃತ್ತಿಯ ನಂತರ ಒಮ್ಮೆ ತಪ್ಪಿದರೆ ಮುಂದಿನದು ನೀವು ಗುರುತು ಹಾಕಿದ್ದೇ ಬರುತ್ತದೆ. ಅಂದರೆ ದುರದೃಷ್ಟದ ಕಡೆಯ ಮಿತಿ 160 ವಿಷ್, 25,600 ಪ್ರಿಮೊಜೆಮ್. ದಿನದ ನಾಲ್ಕು ಕಮಿಷನ್ ಮುಗಿಸಿದರೆ ಸಿಗುವುದು 60. ಈವೆಂಟ್‌ಗಳನ್ನು ಬಿಟ್ಟು ಬರೀ ಕಮಿಷನ್‌ನಿಂದ ಕೂಡಿಸಿದರೆ ಒಂದು ಆಯುಧಕ್ಕೆ ವರ್ಷವೂ ಮೇಲೆರಡು ತಿಂಗಳೂ. ದುಡ್ಡು ಹಾಕದವರು ಆ ಬ್ಯಾನರ್ ಕಡೆ ತಿರುಗಿಯೂ ನೋಡಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ; ಅಷ್ಟರಲ್ಲಿ ಹೊಸ ಪಾತ್ರವೇ ಬರುತ್ತದೆ.

ದುಡ್ಡು ಹಾಕಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗೆನ್‌ಶಿನ್‌ನಲ್ಲಿ ಗೆದ್ದು ಮನೆಗೆ ತರುವ ದುಡ್ಡು ಇಲ್ಲವೇ ಇಲ್ಲ. ಹಾಕಿದ್ದು ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಅದನ್ನು ತಿಳಿದೇ ಹಾಕಿ. ಮಕ್ಕಳ ಕೈಗೆ ಫೋನ್ ಕೊಡುವ ಪೋಷಕರು ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಟ್ಟುಕೊಳ್ಳುವುದು ಒಳ್ಳೆಯದು.

‘ಅರ್ಧ ರೇಟಿಗೆ ಟಾಪ್ ಅಪ್’, ‘ಉಚಿತ ಪ್ರಿಮೊಜೆಮ್’, ‘ಐದು ನಕ್ಷತ್ರ ತುಂಬಿದ ಖಾತೆ ಮಾರಾಟಕ್ಕೆ’ ಎಂದು ಟೆಲಿಗ್ರಾಂನಲ್ಲಿ ಬರುವ ಸಂದೇಶಗಳನ್ನು ನಂಬಬೇಡಿ. ಕೊಂಡ ಖಾತೆಯನ್ನು ಮೊದಲಿನವರು ತಮ್ಮ ಇಮೇಲ್‌ನಿಂದ ಮರಳಿ ಎಳೆದುಕೊಳ್ಳಬಹುದು. ಖಾತೆ ಮಾರುವುದು, ಕೊಳ್ಳುವುದು ಆಟದ ನಿಯಮಕ್ಕೂ ವಿರುದ್ಧ. ಓಟಿಪಿ ಕೊಟ್ಟು ಹಣ ಹೋಗಿದ್ದರೆ ಮನೆಯವರಿಗೆ ಹೇಳಲು ಹೆದರಿ ಕೂರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಮುಂದಕ್ಕೆ ದಾಟುವ ಮೊದಲೇ ತಡೆಯಲು ಆ ಹೊತ್ತಿನ ಪ್ರತಿ ನಿಮಿಷವೂ ಬೆಲೆಯುಳ್ಳದ್ದು.

ಫೋನ್, ನೆಟ್, ಬಸ್ಸು

ಫೋನ್‌ನಲ್ಲಿ ಈ ಆಟ 20 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ, ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಅಪ್‌ಡೇಟ್‌ಗೆ ಎರಡು ದಿನ ಮುಂಚೆ ಪ್ರಿ-ಇನ್‌ಸ್ಟಾಲ್ ಗುಂಡಿ ಕಾಣಿಸಿಕೊಳ್ಳುತ್ತದೆ. ಹಾಸ್ಟೆಲ್ಲಿನದೋ ಗೆಳೆಯರ ಮನೆಯದೋ ವೈಫೈ ಸಿಕ್ಕಾಗ ಮುಗಿಸಿಕೊಳ್ಳಿ. ಹಳೆಯ ಕತೆಯ ಕ್ವೆಸ್ಟ್‌ಗಳ ಫೈಲ್‌ಗಳನ್ನು ಸೆಟ್ಟಿಂಗ್ಸ್‌ನಿಂದ ಅಳಿಸಿದರೆ ಒಂದಿಷ್ಟು ಜಾಗ ಬಿಡುಗಡೆಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಫೋನ್ ಕಾದು ಆಟ ತಡವರಿಸುತ್ತದೆ, ಬರ್ಸ್ಟ್ ಒತ್ತಿದ್ದು ಒಂದು ಕ್ಷಣ ತಡವಾಗಿ ಹತ್ತುತ್ತದೆ. ಗ್ರಾಫಿಕ್ಸ್ ಕಡಿಮೆ, ಫ್ರೇಮ್ 30 ಇಟ್ಟುಕೊಳ್ಳಿ. ಬಿಲ್ಡ್ ಕೆಟ್ಟಿದೆ ಎಂದುಕೊಂಡವರಲ್ಲಿ ಕೆಲವರ ತೊಂದರೆ ಇಷ್ಟೇ ಆಗಿರುತ್ತದೆ.

ಬಸ್ಸಿನಲ್ಲಿ ಡೊಮೇನ್ ಆಡುವವರಿಗೆ ಒಂದು ಸಮಾಧಾನವಿದೆ. ಒಳಗೆ ಹೋದ ಮಾತ್ರಕ್ಕೆ ರೆಸಿನ್ ಖರ್ಚಾಗುವುದಿಲ್ಲ. ಗೆದ್ದು, ಕೊನೆಯಲ್ಲಿ ಕಾಣುವ ಮರದ ಹತ್ತಿರ ಬಹುಮಾನ ಒತ್ತಿದಾಗ ಮಾತ್ರ ಕಳೆಯುತ್ತದೆ. ನಡುದಾರಿಯಲ್ಲಿ ನೆಟ್ ಕೈಕೊಟ್ಟು ಆಟ ಹೊರಗೆ ಎಸೆದರೂ ರೆಸಿನ್ ಹಾಗೇ ಇರುತ್ತದೆ, ಸಿಗ್ನಲ್ ಬಂದ ಮೇಲೆ ಮತ್ತೆ ಒಳಗೆ ಹೋಗಿ.